ನಿಟ್ಟಿಂಗ್ ನೀಡಲ್ ಇಡೋ ಬಟ್ಟೆ ಕೇಸಿಗೆ ಕನ್ನಡದಾಗ ಏನಂತೀರಿ? (ಅರ್ಜೆಂಟ್)

ಧಾರವಾಡದಾಕಿ:
ಎಲ್ಲಾರಿಗೂ ನಮಸ್ಕಾರ್ರಿ. ಒಂದು ಪದ ಬೇಕಾಗೇದ, ಇವತ್ತ ಸಂಜಿ ಒಳಗ. ನಾವು ನಾಲ್ಕೈದು ಮಂದಿ ಹೆಣ್ಮಕ್ಕಳು ಸೇರಿ ಗುಳೇದಗುಡ್ಡದ ಖಣದಾಗ (ಕುಪ್ಪಸದ ಬಟ್ಟಿ) ನಿಟ್ಟಿಂಗ್ ನೀಡಲ್ ಇಡೋ ಕೇಸ್ ಹೊಲೀತೀವಿ, ಹೊರಗ ಖಣ, ಒಳಗ ದಪ್ಪನ್ನ ಕಾಟನ್ ಅಸ್ತರ್, ಅದರಾಗ ಉದ್ದಕ್ಕ ಹೊಲಿಗಿ ಹಾಕಿ ಸಾಲಾಗಿ ಖಾನೆ ಮಾಡಿರ್ತೀವಿ, 14 ನಂಬರ್ ಕಡ್ಡಿಗೆ ಸಣ್ಣ ಖಾನೆ, 8 ನಂಬರಿಂದಕ್ಕ ಅಗಲ ಖಾನೆ (ನಂಬರ್ ಹೆಚ್ಚಾದಂಗ ಕಡ್ಡಿ ಸಣ್ಣ, ಹಳೇ ಬ್ರಿಟಿಷ್ ಲೆಕ್ಕ, 8 ಅಂದ್ರ 4 ಮಿಮೀ, 14 ಅಂದ್ರ 2), ಮ್ಯಾಲಿನ ಅಂಚು ಒಳಗ ಮಡಚಿದ್ರ ಕಡ್ಡಿ ಜಾರಂಗಿಲ್ಲ, ಆಮ್ಯಾಲ ಸುರುಳಿ ಸುತ್ತಿ ಲಾಡಿ ಕಟ್ಟೋದು. ಶನಿವಾರ ಸ್ಟಾಲ್ ಅದ, ಚೀಟಿ ಪ್ರಿಂಟಿಗೆ ಕೊಡಬೇಕು. ಹೋದ ಸಲ "ಸೂಜಿ ಚೀಲ" ಅಂತ ಬರದಿದ್ದೆ, ಬಂದವರೆಲ್ಲಾ ಹೊಲಿಗಿ ಸೂಜಿ, ದಬ್ಬಳ ಕೇಳಿ ಕೇಳಿ ಸಾಕು ಮಾಡಿದ್ರು. ಚೀಟಿ ಎರಡೇ ಇಂಚು, ಉದ್ದ ಹೆಸರು ಹಿಡಿಯೂದಿಲ್ಲ.

ಮೈಸೂರಿನವನು:
ಸೂಜಿ ತಪ್ಪೇ. ಕಣ್ಣಿದ್ರೆ ಸೂಜಿ, ಇಲ್ದಿದ್ರೆ ಕಡ್ಡಿ.

ಉಡುಪಿಯವ:
ಡಾಕ್ಟ್ರು ಚುಚ್ಚುವ ಸೂಜಿಗೆ ಯಾವ ಕಣ್ಣು ಮಾರಾಯ್ರೆ? "ಸೂಚೀಕೋಶ" ಅಂತ ಹಾಕಿ, ಶುದ್ಧವಾಗಿಯೂ ಉಂಟು, ಚಿಕ್ಕದಾಗಿಯೂ ಉಂಟು.

ನೆಲನುಡಿ:
> ಸೂಚೀಕೋಶ
ಕೋಶ ಓದಿಸಿ ಓದಿಸಿಯೇ ಜನ ಕನ್ನಡ ಬಿಟ್ಟಿದ್ದು. ಇಂಗ್ಲಿಶಿನವನು ನೀಡಲ್ ಅಂದ ಅಂತ ನಾವೂ ಸೂಜಿ ಹಿಡ್ಕೊಂಡು ಕೂರಬೇಕಾ. ನೋಡಿ, ಮಜ್ಜಿಗೆ ಕಡೆಯೋ ಕೋಲು ಕಡೆಗೋಲು. ಹೆಣೆಯೋ ಕೋಲು ಹೆಣೆಗೋಲು. ಹಳಗನ್ನಡದಲ್ಲಿ ಪೆಣೆ, ತಮಿಳಲ್ಲಿ ಪಿಣೈ, ಪಕಾರ ಹಕಾರ ಆಗಿದ್ದು ಎಲ್ಲರಿಗೂ ಗೊತ್ತಿರೋದೇ. ಇಡೋದಕ್ಕೆ ಗವಸು ಇದೆ, ಕಯ್ಗವಸು ದಿಂಬಿನ ಗವಸು ಅಂತ ಈಗಲೂ ಅಂತೀವಿ. ಹೆಣೆಗೋಲ್ಗವಸು. ಗುಳೇದಗುಡ್ಡದ ಕಣದ ಮೇಲೆ ಇದನ್ನೇ ಅಚ್ಚು ಹಾಕಿಸಿ.

ಧಾರವಾಡದಾಕಿ:
ಕಣ ಅಲ್ರೀ ಸರ, ಖಣ. ಕಣದಾಗ ಜೋಳದ ರಾಶಿ ಮಾಡ್ತಾರ, ಕುಪ್ಪಸ ಹೊಲಿಯೂದಿಲ್ಲ. ಮತ್ತ ಬಟ್ಟಿ ಮ್ಯಾಲ ಏನೂ ಅಚ್ಚು ಹಾಕೂದಿಲ್ಲ, ಚೀಟಿ ಮ್ಯಾಲ.

ಮೈಸೂರಿನವನು:
ಮಹಾಪ್ರಾಣ ತೆಗೆದ್ರೆ ಆಗೋದೇ ಇದು.

ಸಾಗರದವಳು:
ಮೂವತ್ತು ವರ್ಷದಿಂದ ಸ್ವೆಟರ್ ಹಾಕ್ತಾ ಇದ್ದೀನಿ, ನಮ್ಮಮ್ಮನೂ ಹಾಕ್ತಿದ್ರು, ಹೆಣೆಗೋಲು ಅಂತ ಒಬ್ರ ಬಾಯಲ್ಲೂ ಕೇಳಿಲ್ಲ, ಕಡ್ಡಿ ಅಂತೀವಿ ಅಷ್ಟೆ, "ಹತ್ತನೇ ನಂಬರ್ ಕಡ್ಡಿ ಎಲ್ಲಿಟ್ಟೆ" ಅಂತ. ಆಮೇಲೆ ಹೆಣೆಗೋಲು ಅಂತ ಸ್ಟಾಲಲ್ಲಿ ತೂಗು ಹಾಕಿದ್ರೆ ಓದೋರು ಒಂದು ಏತ್ವ ನುಂಗಿ ಹೆಣದ ಕೋಲು ಅಂದ್ಕೊಂಡು ಹೋಗ್ತಾರೆ, ಸಂಜೆ ಹೊತ್ತಲ್ಲಂತೂ ಯಾರೂ ಮುಟ್ಟಲ್ಲ. ಹೆಣಿಗೆ ಕಡ್ಡಿ ಅಂತ ಬೇಕಾದ್ರೆ ಹಾಕಿ.

ಧಾರವಾಡದಾಕಿ:
ಅಕ್ಕಾರ, ಹೆಣಿಗಿ ಅಂದ್ರ ನಮ್ಮ ಕಡೆ ಇನ್ನೊಂದು ತ್ರಾಸ. ಹಣಿಗಿ ಅಂದ್ರ ಬಾಚಣಿಗಿ, ಅವಸರದಾಗ ಓದಿದವರು ಹಂಗ ತಿಳಕೊಂಡು ತಲಿ ಬಾಚೋ ಸಾಮಾನು ಇಡೋದು ಅಂತಾರ. ಬರೇ ಕಡ್ಡಿ ಅಂದ್ರೂ ಕಡ್ಡಿಪೆಟ್ಟಿಗಿ ನೆನಪಾಗ್ತದ. ಸ್ವೆಟರ್ ಕಡ್ಡಿ ಅಂದ್ರ ಎಲ್ಲಾರಿಗೂ ತಿಳೀತದ. ಅದು ಹೆಂಗೋ ಆತು. ಇಡೋ ವಸ್ತುವಿಗೆ ಏನನ್ನೂಣು, ಅದನ್ನ ಹೇಳ್ರಿ. ಕೇಸ್ ಅಂದ್ರ ಕೋರ್ಟ್ ಕಾಣ್ತದ.

ಉಡುಪಿಯವ:
ಬತ್ತಳಿಕೆ! ಬಾಣ ನಿಲ್ಲಿಸಿದ ಹಾಗೆಯೇ ಅಲ್ವಾ ಕಡ್ಡಿ ನಿಲ್ಲಿಸುವುದು.

ಮೈಸೂರಿನವನು:
ಬತ್ತಳಿಕೆ ಸುರುಳಿ ಸುತ್ತೋಕೆ ಬರಲ್ಲ. ಬೆನ್ನಿಗೆ ಕಟ್ಕೊಂಡು ಸ್ವೆಟರ್ ಹೆಣೀತಾರಾ? ಒರೆ ಆಗಬಹುದಿತ್ತು, ಆದ್ರೆ ಒರೆ ಒಂದು ಕತ್ತಿಗೆ ಒಂದು, ಇದು ಇಪ್ಪತ್ತು ಕಡ್ಡಿಗೆ ಒಂದು. ಗವಸು ಕೂಡ ಅಷ್ಟೆ, ಒಂದು ವಸ್ತುವಿನ ಆಕಾರಕ್ಕೆ ಕೂರೋದು ಗವಸು, ವೀಣೆಗೆ ಗವಸಣಿಗೆ ಹಾಕ್ತಿದ್ದಂಗೆ. ಅಷ್ಟಕ್ಕೂ ಗವಸು ಅನ್ನೋದೇ ಕವಚದ ತದ್ಭವ ಅನ್ನೋರಿದ್ದಾರೆ, ನೆಲನುಡಿಯವರಿಗೆ ಅದು ಗೊತ್ತಿಲ್ವೇನೋ.

ನೆಲನುಡಿ:
ಕನ್ನಡದಲ್ಲಿ ಏನೇ ಚೆನ್ನಾಗಿದ್ರೂ ಅದಕ್ಕೊಂದು ಸಂಸ್ಕ್ರುತದ ಅಪ್ಪನ್ನ ಹುಡುಕೋ ಚಟ. ಅನ್ನೋರಿದ್ದಾರೆ ಅನ್ನೋದು ಆದಾರ ಅಲ್ಲ. ಸ್ವೆಟರ್ ಕಡ್ಡಿ ಅಂತ ಒಪ್ಪಿಕೊಂಡ್ರಲ್ಲ, ಅದು ಅರಿಸಮಾಸ ಅಲ್ವಾ ಮೇಶ್ಟ್ರೇ, ಅದಕ್ಕೆ ಯಾಕೆ ಬಾಯಿ ಬಿಡಲ್ಲ?

ಮೈಸೂರಿನವನು:
ಅರಿಸಮಾಸ ಅನ್ನೋ ದೋಷ ಸಂಸ್ಕೃತ-ಕನ್ನಡ ಪದ ಸೇರಿದಾಗ. ಹದಿಮೂರನೇ ಶತಮಾನದಲ್ಲಿ ಕನ್ನಡ ವ್ಯಾಕರಣ ಬರೆದ ಕೇಶಿರಾಜನಿಗೆ ಸ್ವೆಟರ್ ಗೊತ್ತಿರ್ಲಿಲ್ಲ. ಅವನೂ ಬಿರುದಾವಳಿಗೆ, ರೂಢಿಗೆ ಬಂದದ್ದಕ್ಕೆ ವಿನಾಯಿತಿ ಕೊಟ್ಟಿದ್ದಾನೆ, ನೀವು ಅಷ್ಟೂ ಕೊಡಲ್ಲ. ಆಕೆ ಬರೆದ ಮೊದಲ ಇಮೇಲನ್ನೇ ತಗೊಳ್ಳಿ: ಅಸ್ತರ್ ಪಾರಸಿ, ಖಾನೆ ಪಾರಸಿ. ನಿಮ್ಮ ಅಂಗಿಯ ಕಿಸೆ ಪಾರಸಿ, ಜೇಬು ಅರಬ್ಬಿ, ಗುಂಡಿ ಹಾಕೋ ಕಾಜ ಪೋರ್ಚುಗೀಸರ ಕಾಸಾ, ಅಂದ್ರೆ ಮನೆ. ಹೊಲಿದು ಕೊಟ್ಟ ದರ್ಜಿ ಪಾರಸಿ, ಅವನ ಕೈಲಿರೋ ಕತ್ತರಿ ಸಂಸ್ಕೃತದ ಕರ್ತರಿ. ಎಲ್ಲಾ ವಾಪಸ್ ಕಳಿಸಿದ್ರೆ ಅಂಗಡಿಯಲ್ಲಿ ಉಳಿಯೋದು ನೂಲು, ತೂತು.

ನೆಲನುಡಿ:
ಬಂದಿದ್ದನ್ನ ಓಡಿಸಿ ಅಂತ ಎಲ್ಲಿ ಹೇಳಿದೀನಿ ತೋರಿಸಿ. ಹೊಸದಾಗಿ ಕಟ್ಟೋವಾಗಲಾದ್ರೂ ಮನೆ ಒಳಗೆ ಹುಡುಕಿ ಅಂದೆ. ಅಷ್ಟು ಓದಿದವರಿಗೆ ಇಶ್ಟು ತಿಳಿಯಲ್ಲ.

ಸಾಗರದವಳು:
ಇಬ್ರೂ ಸ್ವಲ್ಪ ಸುಮ್ನಿರಿ, ಪಾಪ ಅವರಿಗೆ ಸಂಜೆ ಒಳಗೆ ಬೇಕಂತೆ. ಮನೆ ಒಳಗೇ ಹುಡುಕೋದಾದ್ರೆ ಸಂಚಿ ಇದೆಯಲ್ಲ. ಎಲೆಅಡಿಕೆ ಸಂಚಿ ಬಟ್ಟೇದೇ, ಅದ್ರಲ್ಲೂ ಒಂದರ ಪಕ್ಕ ಒಂದು ಅರೆ ಇರತ್ತೆ, ಎಲೆಗೊಂದು ಅಡಿಕೆಗೊಂದು ಸುಣ್ಣದ ಡಬ್ಬಿಗೊಂದು, ಮಡಚಿ ಸುತ್ತಿ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸ್ಕೊಳೋದು. ನೀವು ಹೊಲಿಯೋದು ಅದೇ ತಾನೆ, ಉದ್ದ ಜಾಸ್ತಿ ಅಷ್ಟೆ. ಸಂಚಿ ಹೊನ್ನಮ್ಮನ ಹೆಸರಲ್ಲೇ ಇದೆ ಪದ, ಚಿಕ್ಕದೇವರಾಜರ ಅರಮನೇಲಿ ರಾಣಿಗೆ ಎಲೆ ಸಂಚಿ ಹಿಡೀತಿದ್ದವಳು. ಖಾನೆ ಬದಲು ಅರೆ ಅಂತಲೂ ಬರೀಬಹುದು, "20 ಅರೆ" ಅಂತ.

ಧಾರವಾಡದಾಕಿ:
ಅಯ್ಯ ಶಿವನ, ಇಷ್ಟೊತ್ತು ಇದು ತಲೀಗೆ ಹೊಳೀಲೇ ಇಲ್ಲ ನೋಡ್ರಿ. ನಮ್ಮಲ್ಲಿ ಅದಕ್ಕ ಚಂಚಿ ಅಂತಾರ. ನಮ್ಮಮ್ಮ ಅಂದ್ರ ಅಜ್ಜಿ, ಆಕೀ ಚಂಚಿ ಖಣದ ತುಂಡಿಂದನ ಹೊಲಿದಿದ್ಲು, ಕುಪ್ಪಸ ಹೊಲಿದು ಉಳಿದದ್ದು, ಅದರಾಗ ರೊಕ್ಕಾನೂ ಇರ್ತಿತ್ತು ತಂಬಾಕೂನೂ ಇರ್ತಿತ್ತು. "ಸ್ವೆಟರ್ ಕಡ್ಡಿ ಚಂಚಿ". ಎರಡು ಇಂಚಿನಾಗ ಹಿಡೀತದ, ಎಣಿಸಿ ನೋಡೇನಿ.

ಉಡುಪಿಯವ:
ನಮ್ಮಲ್ಲಿ ಚಂಚಿ ಹೇಳಿದರೆ ಅರ್ಥ ಆಗುವುದಿಲ್ಲ.

ಸಾಗರದವಳು:
ಸ್ಟಾಲ್ ಇರೋದು ಧಾರವಾಡದಲ್ಲಿ.

ನೆಲನುಡಿ:
ಚಂಚಿ ಒಳ್ಳೆ ಪದ, ಒಪ್ಪಿದೆ. ಸ್ವೆಟರ್ ತೆಗೆದು ತುಪ್ಪಳಗಡ್ಡಿ ಚಂಚಿ ಅಂತ ಮಾಡಿ. ಉಣ್ಣೆ ಬೇಡ, ಅದು ಊರ್ಣದಿಂದ ಬಂದಿದ್ದು.

ಸಾಗರದವಳು:
ತುಪ್ಪಳ ಮೊಲಕ್ಕೆ ಇರತ್ತೆ. ನಾನು ಹೆಣೆಯೋದರಲ್ಲಿ ಅರ್ಧ ಆಕ್ರಿಲಿಕ್ಕು, ಅದಕ್ಕೇನಂತೀರಾ ಈಗ?

ಮೈಸೂರಿನವನು:
ಆಡುಮಾತಲ್ಲಿ ಚಂಚಿ ಇರಲಿ, ಬರಹದಲ್ಲಿ ಸಂಚಿ ಅಂತಲೇ ಹಾಕಬೇಕು. ಚೀಟಿ ಅಂದ್ರೆ ಬರಹವೇ.

ಧಾರವಾಡದಾಕಿ:
ಪ್ರೆಸ್ಸಿನಾಂವ ಐದಕ್ಕ ಬಾಗ್ಲಾ ಹಾಕ್ತಾನ ಅಂತ ನಾಲ್ಕೂವರಿಗೇ ಕೊಟ್ಟು ಬಂದೇನ್ರಿ ಸರ. ಇನ್ನೂರು ಚೀಟಿ, ಚಂಚಿ ಅಂತನ. ಖಾನೆ ತಗದು ಅರೆ ಹಾಕ್ಸೀನಿ, ಆದ್ರ ಪ್ರೆಸ್ಸಿನಾಂವ "20 ಅರೆ ಅಂದ್ರ ಅರ್ಧಾನೋ ಪೂರ್ತಿನೋ" ಅಂತ ಕೇಳಿದ.

ನೆಲನುಡಿ:
ಅರ್ದ ಅಲ್ಲ. ಇದಕ್ಕೆ ಬೇರೆ ಎಳೆ ಶುರು ಮಾಡ್ತೀನಿ.