ಸಹಾಯ ಬೇಕು: ಎದಿಬಡಿತ ನೋಡೋರಿಗೆ ಕೇಳಿಸಬೇಕೋ, ಬ್ಯಾಡೋ?

ಎಲ್ಲರಿಗೂ ಶರಣಾರ್ಥಿ. ಕಲಬುರಗಿಯೊಳಗ ನಮ್ಮ ಕಾಲೇಜಿನವ್ರು ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1843ರಾಗ ಪ್ರಕಟಿಸಿದ ‘ದಿ ಟೆಲ್-ಟೇಲ್ ಹಾರ್ಟ್’ ಕತಿನ ಏಕವ್ಯಕ್ತಿ ನಾಟಕ ಮಾಡ್ಲಿಕತ್ತೀವಿ.

ಕತಿ ಗೊತ್ತಿಲ್ಲದವ್ರಿಗೆ: ಒಬ್ಬಾವ ‘ನಾ ಹುಚ್ಚ ಅಲ್ಲ’ ಅಂತ ಸಾಧಿಸ್ಕೋತ, ತಾ ಮಾಡಿದ ಕೊಲಿ ಹೇಳ್ತಾನ. ಮುದುಕನ ಮ್ಯಾಲ ಸಿಟ್ಟಿಲ್ಲ, ರೊಕ್ಕದ ಆಸಿನೂ ಇಲ್ಲ. ಅವನ ರಣಹದ್ದಿನಂಥ ಒಂದು ಕಣ್ಣು, ಅಷ್ಟೇ ಕಾರಣ. ಏಳು ರಾತ್ರಿ ಬಾಗಿಲ ಸರಿಸಿ ನೋಡ್ತಾನ, ಎಂಟನೇದಕ್ಕ ಕೊಲ್ತಾನ. ಆ ಕಾಯೋದ್ರಾಗೇ ಅರ್ಧ ಅಂಜಿಕಿ ಅದ. ಇಲ್ಲೀತನಕ ಛಲೋ ಕೂತದ.

ತೊಡಕು ಕೊನಿಗೆ. ನೆಲದ ಕಟ್ಟಿಗಿ ಹಾಸಿನ ಕೆಳಗ ಹೆಣ, ಮ್ಯಾಲ ಮೂವರು ಪೊಲೀಸರು ಆರಾಮ ಮಾತಾಡ್ಕೋತ ಕೂತಾರ. ಇವನಿಗೆ ಮಾತ್ರ ಎದಿಬಡಿತ ಕೇಳಸ್ತದ. ಹಲಗಿ ಬಾರಿಸಿ ನೋಡಿದ್ವಿ, ಜಾತ್ರಿ ಆತು. ಸ್ಪೀಕರ್‌ನಾಗ ರೆಕಾರ್ಡಿಂಗ್ ಹಾಕಿದ್ರ ನೋಡೋರು ಮುದುಕ ಖರೇನೇ ಬದುಕ್ಯಾನ ಅಂದ್ರು, ದೆವ್ವದ ಕತಿ ಆಗಿಬಿಡ್ತು. ಸದ್ದು ಪೂರಾ ತಗದ್ರ ನಟ ಸುಮ್ಮನ ಚೀರಾಡ್ದಂಗ ಕಾಣ್ತಾನ. ಪೋ ಹೇಳೋದು ಹತ್ತಿಯೊಳಗ ಸುತ್ತಿಟ್ಟ ಗಡಿಯಾರದ ಸದ್ದು. ಅಷ್ಟು ಸಣ್ಣದು ಹಿಂದಿನ ಸಾಲಿಗೆ ಮುಟ್ಟೋದಿಲ್ಲ. ನಮ್ಮೂರ ಬ್ಯಾಸಿಗ್ಯಾಗ ಫ್ಯಾನ್ ಬಂದ್ ಮಾಡ್ರಿ ಅನ್ನಾಕೂ ಆಗಂಗಿಲ್ಲ!

ನನಗನಿಸೋದು, ಆ ಬಡಿತ ಕೊಲಿ ಮಾಡಿದವನ ಎದಿದೇ. ನಿರ್ದೇಶಕರು ಒಪ್ಪವಲ್ರು. ಕತಿನೇ ಬಿಚ್ಚಿ ಹೇಳಿಲ್ಲ, ನಾವ್ಯಾಕ ಹೇಳ್ಬೇಕು ಅಂತಾರ.

ನಾಟಕ ಆಡ್ಸಿದವ್ರು ಹೇಳ್ರಿ: ಸದ್ದು ಎಲ್ಲಿಂದ ಬರ್ತದ ತಿಳೀಬಾರ್ದು, ಆದ್ರ ಅವನ ಅಂಜಿಕಿ ನೋಡೋರಿಗೂ ಹತ್ತಬೇಕು. ಕಡಿಮಿ ಖರ್ಚಿನಾಗ ಹೆಂಗ ಮಾಡೋದು? ನಟನ ಉಸಿರು, ಹೆಜ್ಜಿಯಿಂದಲೇ ಬಡಿತ ಹುಟ್ಟಿಸಿದ್ರ ನಡೀತದೇನ್ರಿ?