ಹಗ್ಗ ಕಟ್ಟಿ ಹಾರಿದವಳ ಮೇಲೆ ದೊಡ್ಡಮನೆಯ ಪಂಚಾಯಿತಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಮಧುಗಿರಿ ದೊಡ್ಡಮನೆ'. ಬೆಳಿಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಅಡಿಕೆ ಧಾರಣೆ, ರಾತ್ರಿ ಯಾರದೋ ಮಗುವಿನ ನೃತ್ಯ. ಹೋದ ಭಾನುವಾರ ಚಿಕ್ಕಮ್ಮ ಅದರಲ್ಲಿ ಒಂದು ವಿಡಿಯೊ ಹಾಕಿದರು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಓದುತ್ತಿರುವ ಅವರ ಮಗಳು ಪುಟ್ಟಿ, ಕಾಲಿಗೆ ಹಗ್ಗ ಬಿಗಿಸಿಕೊಂಡು ಸೇತುವೆಯಿಂದ ತಲೆಕೆಳಗಾಗಿ ಹಾರುವ ವಿಡಿಯೊ. ಅದರ ಕೆಳಗೆ ನಡೆದ ಮಾತುಕತೆ ಇದು. ಹೆಸರುಗಳ ಬದಲು ನನ್ನ ಮೊಬೈಲಿನಲ್ಲಿರುವ ನಂಟಿನ ಪದಗಳನ್ನೇ ಉಳಿಸಿದ್ದೇನೆ. ಕಾಗುಣಿತ ತಿದ್ದಿದ್ದೇನೆ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳಿಗೆ ಅಷ್ಟು ಚಟ ಇರುತ್ತದೆ.

ಚಿಕ್ಕಮ್ಮ: ನೋಡಿ, ನಮ್ಮ ಪುಟ್ಟಿ! ಎಷ್ಟು ಸಲ ನೋಡಿದರೂ ಅವಳು ಹಾರುವ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ.

ಅತ್ತೆ (ಕೊರಟಗೆರೆ): ಅಯ್ಯೋ ಶಿವನೇ! ಕಾಲಿಗೆ ಸುತ್ತಿರುವುದು ಟವೆಲ್ಲೇ?

ತಮ್ಮ: ಭಲೇ ಅಕ್ಕಾ!

ದೊಡ್ಡಪ್ಪ: ಇದನ್ನು ನಾಲ್ಕು ಜನ ನೋಡುವಂತೆ ಹಾಕಲು ಸಂಕೋಚವಾಗಲಿಲ್ಲವೇ? ತೋಟದ ಮೇಲೆ ಸಾಲ ಎತ್ತಿ ಕಳುಹಿಸಿದ್ದು ಓದಲಿ ಎಂದು. ಸೇತುವೆಯಿಂದ ಹಾರುವುದಕ್ಕೂ ಬ್ಯಾಂಕಿನವರು ಸಾಲ ಕೊಟ್ಟಿದ್ದಾರೆಯೇ?

ಪುಟ್ಟಿ: ದೊಡ್ಡಪ್ಪ, ಸಾಲದ ಹಣವನ್ನು ಮುಟ್ಟಿಲ್ಲ. ಶನಿವಾರ, ಭಾನುವಾರ ಕಾಫಿ ಅಂಗಡಿಯಲ್ಲಿ ಪಾತ್ರೆ ತೊಳೆದು ಕೂಡಿಟ್ಟ ಹಣ. ಅತ್ತೆ, ಹೌದು, ಟವೆಲ್ಲೇ. ಮೊದಲು ಕಾಲಿಗೆ ಟವೆಲ್ ಸುತ್ತಿ, ಅದರ ಮೇಲೆ ಪಟ್ಟಿ ಬಿಗಿದು, ಸೊಂಟಕ್ಕೆ ಇನ್ನೊಂದು ಪಟ್ಟಿ ಹಾಕುತ್ತಾರೆ. ಒಂದು ಕಳಚಿದರೆ ಇನ್ನೊಂದು ಹಿಡಿಯುತ್ತದೆ.

ಅತ್ತೆ: ಹಗ್ಗ ಉದ್ದವಾಗಿಬಿಟ್ಟರೆ?

ಪುಟ್ಟಿ: ಮೊದಲು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ. ಎಷ್ಟು ಕಿಲೋ ಎಂದು ಕೈಯ ಮೇಲೆಯೇ ಬರೆಯುತ್ತಾರೆ. ನೂರಾರು ರಬ್ಬರ್ ಎಳೆಗಳನ್ನು ಸೇರಿಸಿ ಮಾಡಿದ ಹಗ್ಗ ಅದು. ತೂಕಕ್ಕೆ ತಕ್ಕ ಹಗ್ಗವನ್ನೇ ಆರಿಸುತ್ತಾರೆ. ಕೆಳಗೆ ನದಿಯಲ್ಲಿ ದೋಣಿ ಕಾಯುತ್ತಿರುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಕವರೌ ಸೇತುವೆ, 43 ಮೀಟರ್ ಎತ್ತರ. ಬಂಜಿ ಹಾರಾಟ ಕಾಯಂ ವ್ಯಾಪಾರವಾಗಿ ಶುರುವಾದದ್ದೇ ಇಲ್ಲಿ, 1988ರಲ್ಲಿ. ಅದನ್ನು ಶುರು ಮಾಡಿದ ಎ. ಜೆ. ಹ್ಯಾಕೆಟ್ ಅದರ ಹಿಂದಿನ ವರ್ಷ ಪ್ಯಾರಿಸ್ಸಿನ ಐಫೆಲ್ ಗೋಪುರದಿಂದಲೇ ಹಾರಿದ್ದ.

ದೊಡ್ಡಪ್ಪ: ಹಾರಿದವನನ್ನು ಪೊಲೀಸರು ಹಿಡಿದರೋ ಇಲ್ಲವೋ?

ಪುಟ್ಟಿ: ಹಿಡಿದರು.

ದೊಡ್ಡಪ್ಪ: ಮತ್ತೆ!

ಭಾವ (ಶಿರಾ): ಬಿಳಿಯರಿಗೆ ಮಾಡಲು ಕೆಲಸವಿಲ್ಲ, ಅದಕ್ಕೇ ಇಂಥ ಹುಚ್ಚಾಟಗಳು.

ಪುಟ್ಟಿ: ಭಾವ, ಇದು ಬಿಳಿಯರು ಕಂಡುಹಿಡಿದದ್ದಲ್ಲ. ಪೆಸಿಫಿಕ್ ಸಾಗರದ ವನುವಾಟು ದೇಶದಲ್ಲಿ ಪೆಂಟಕೋಸ್ಟ್ ಎಂಬ ದ್ವೀಪವಿದೆ. ಅಲ್ಲಿನ ಗಂಡಸರು ಗೆಡ್ಡೆಗೆಣಸಿನ ಫಸಲಿನ ಕಾಲದಲ್ಲಿ ಮರದ ಅಟ್ಟಣೆ ಕಟ್ಟಿ, ಕಾಲಿಗೆ ಕಾಡಿನ ಬಳ್ಳಿ ಕಟ್ಟಿಕೊಂಡು ನೆಲಕ್ಕೆ ಹಾರುತ್ತಾರೆ. ಅದು ಅವರ ಹಳೆಯ ಆಚರಣೆ. ರಬ್ಬರ್ ಇಲ್ಲ, ದೋಣಿಯೂ ಇಲ್ಲ.

ಅತ್ತೆ: ಹಾಗಾದರೆ ನಮ್ಮ ಸಿಡಿಯ ಹಾಗೆ. ಹರಕೆ ಎನ್ನು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಅರ್ಧ ಗಂಟೆ ಸುಮ್ಮನಿದ್ದ ದೊಡ್ಡಪ್ಪ ಹಳೆಯದೊಂದು ಸುದ್ದಿಯನ್ನು ಹುಡುಕಿ ತಂದರು.

ದೊಡ್ಡಪ್ಪ: ಓದು ಇದನ್ನು. ನಿನ್ನ ನ್ಯೂಜಿಲೆಂಡೇ. 2019ರ ಡಿಸೆಂಬರ್ 9. ವಾಕಾರಿ ಎಂಬ ದ್ವೀಪದ ಜ್ವಾಲಾಮುಖಿಯನ್ನು ತೋರಿಸಲು ಪ್ರವಾಸಿಗರನ್ನು ಕರೆದುಕೊಂಡು ಹೋಗಿದ್ದರು. 47 ಜನ ದ್ವೀಪದ ಮೇಲಿದ್ದಾಗ ಬೆಟ್ಟ ಸಿಡಿಯಿತು. 22 ಜನ ಸತ್ತರು. ಅವರೂ ಹಣ ಕೊಟ್ಟೇ ಹೋಗಿದ್ದವರು. ಅವರಿಗೂ ಯಾರೋ ತಲೆಗೆ ಟೋಪಿ ಹಾಕಿ, ಏನೂ ಆಗುವುದಿಲ್ಲ ಎಂದಿರಬೇಕು.

ಪುಟ್ಟಿ: ಅದು ನಿಜ ದೊಡ್ಡಪ್ಪ. ಅದನ್ನು ಇಲ್ಲಿ ಯಾರೂ ಮರೆತಿಲ್ಲ. ಇಂಥ ಸಾಹಸ ಚಟುವಟಿಕೆ ನಡೆಸುವವರು ಸುರಕ್ಷತೆಯ ತಪಾಸಣೆಯಲ್ಲಿ ಪಾಸಾಗಿ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ಕಾನೂನಿದೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಾನು ನೋಡಿಯೇ ಹೋದೆ.

ದೊಡ್ಡಪ್ಪ: ಪಟ್ಟಿಯಲ್ಲಿ ಹೆಸರಿದ್ದರೆ ಬೆಟ್ಟ ಸಿಡಿಯುವುದಿಲ್ಲವೇ?

ಈ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿರಲಿಲ್ಲ. ದೊಡ್ಡಪ್ಪ ಗದರುತ್ತಾರೆ, ಆದರೆ ದಡ್ಡರಲ್ಲ. ಆದರೂ ವಾದದ ದಾರಿ ತಪ್ಪಿದೆ ಎನ್ನಿಸಿ ನಾನು ಬಾಯಿ ಹಾಕಿದೆ.

ನಾನು: ದೊಡ್ಡಪ್ಪ, ತಿಂಗಳ ಹಿಂದೆ ಪುಟ್ಟಿ ಇದೇ ಗುಂಪಿನಲ್ಲಿ ಇನ್ನೊಂದು ಚಿತ್ರ ಹಾಕಿದ್ದಳು. ವಕಾಟಿಪು ಸರೋವರದಲ್ಲಿ ಗೆಳತಿಯರೊಂದಿಗೆ ಎದೆಮಟ್ಟದ ನೀರಿನಲ್ಲಿ ನಿಂತು ನಗುತ್ತಿದ್ದ ಚಿತ್ರ. ತಾವು ಅದಕ್ಕೆ ಎರಡು ಹೃದಯ ಹಾಕಿದಿರಿ. ಅತ್ತೆ 'ನೀರು ಎಷ್ಟು ತಿಳಿಯಾಗಿದೆ' ಎಂದರು. ಅಲ್ಲಿ ತೂಕ ನೋಡುವವರಿರಲಿಲ್ಲ, ಸೊಂಟಕ್ಕೆ ಪಟ್ಟಿ ಇರಲಿಲ್ಲ, ದೋಣಿಯಲ್ಲಿ ಕಾಯುವವರಿರಲಿಲ್ಲ. ಆ ಸರೋವರದ ನೀರು ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿಗೆ ಒಮ್ಮೆಲೇ ಇಳಿದರೆ ಮೊದಲ ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ; ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಈಜು ಬಂದವರೂ ಉಳಿಯುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟು ಜನ ನದಿ ದಾಟಲು ಹೋಗಿ ಮುಳುಗಿದರೆಂದರೆ, ನೀರಿನಲ್ಲಿ ಮುಳುಗಿ ಸಾಯುವುದನ್ನೇ 'ನ್ಯೂಜಿಲೆಂಡ್ ಸಾವು' ಎಂದು ಕರೆಯುತ್ತಿದ್ದರು. ಹಗ್ಗ ಕಟ್ಟಿ ಹಾರಿದರೆ ಪಂಚಾಯಿತಿ, ಹಗ್ಗವಿಲ್ಲದೆ ಇಳಿದರೆ ಹೃದಯ. ನಾವು ಹೆದರಬೇಕಾದ ಕಡೆ ಹೆದರುತ್ತಿಲ್ಲ, ಅಷ್ಟೇ ನನ್ನ ತಕರಾರು.

ಅತ್ತೆ: ನಾವೆಲ್ಲ ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲೇ ಈಜು ಕಲಿತೆವು. ಯಾರಿಗೂ ಏನೂ ಆಗಲಿಲ್ಲ.

ನಾನು: ಬೆಂಡು ಕಟ್ಟಿದ್ದರು, ಅತ್ತೆ. ಮೆಟ್ಟಿಲ ಮೇಲೆ ತಾತ ಕುಳಿತಿರುತ್ತಿದ್ದರು. ನಾನು ಕೇಳುತ್ತಿರುವುದೂ ಅದನ್ನೇ.

ತಮ್ಮ: ದೊಡ್ಡಪ್ಪ ತಾರುಣ್ಯದಲ್ಲಿ ನಮ್ಮ ಏಕಶಿಲಾ ಬೆಟ್ಟವನ್ನು ಮೆಟ್ಟಿಲು ಬಿಟ್ಟು, ಬಂಡೆಯ ಮೇಲೆ ಬರಿಗಾಲಿನಲ್ಲಿ ಹತ್ತಿದ ಕಥೆಯನ್ನು ಪ್ರತಿ ದೀಪಾವಳಿಗೂ ಕೇಳುತ್ತೇವೆ. ಹೆಜ್ಜೇನು ಎದ್ದ ಕಥೆಯನ್ನೂ.

ದೊಡ್ಡಪ್ಪ: ಅದು ನಮ್ಮ ಬೆಟ್ಟ. ಎಲ್ಲಿ ಕಾಲಿಟ್ಟರೆ ಜಾರುತ್ತದೆ ಎಂದು ಗೊತ್ತಿತ್ತು. ಬಿದ್ದರೆ ಹೊತ್ತು ತರುವುದಕ್ಕೆ ಊರಿನವರಿದ್ದರು. ಪುಟ್ಟಿಯನ್ನು ಅಲ್ಲಿ ಹೊತ್ತು ತರುವವರು ಯಾರು?

ಇಡೀ ಚರ್ಚೆಯಲ್ಲಿ ತೂಕದ ಮಾತು ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಪುಟ್ಟಿಗೂ ಅನ್ನಿಸಿರಬೇಕು, ಉತ್ತರ ಬರಲು ಹೊತ್ತಾಯಿತು.

ಪುಟ್ಟಿ: ಹಣದ ಮಾತಾದರೆ, ಇಲ್ಲಿ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ಇದೆ, 1974ರಿಂದ. ಅಪಘಾತದಲ್ಲಿ ಪೆಟ್ಟಾದರೆ ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಯ ವೆಚ್ಚಕ್ಕೆ ನೆರವಾಗುತ್ತದೆ. ಹೊರದೇಶದಿಂದ ಬಂದವರಿಗೂ ಅನ್ವಯಿಸುತ್ತದೆ.

ಭಾವ: ನಿಲ್ಲು. ಈಗ ನನ್ನ ಕಸುಬಿನ ಮಾತಿಗೆ ಬಂದೆ. ಅದು ಅಪಘಾತಕ್ಕೆ ಮಾತ್ರ. ಜ್ವರ ಬಂದರೆ, ಅಪೆಂಡಿಕ್ಸ್ ಊದಿಕೊಂಡರೆ ಕೊಡುವುದಿಲ್ಲ. ನಿನ್ನನ್ನು ಊರಿಗೆ ಕರೆತರುವ ವಿಮಾನದ ಖರ್ಚನ್ನೂ ಕೊಡುವುದಿಲ್ಲ. ಅಲ್ಲದೆ ಆ ವ್ಯವಸ್ಥೆ ಇರುವ ಕಾರಣಕ್ಕೇ, ಪೆಟ್ಟಾಯಿತೆಂದು ಪರಿಹಾರಕ್ಕಾಗಿ ಅಲ್ಲಿ ಯಾರ ಮೇಲೂ ದಾವೆ ಹೂಡಲು ಬಹುಮಟ್ಟಿಗೆ ಬರುವುದಿಲ್ಲ. ನಿನ್ನ ವಿದ್ಯಾರ್ಥಿ ವಿಮೆಯ ಪತ್ರವನ್ನು ತೆಗೆ. ಮೊದಲ ಪುಟ ಬೇಡ, 'ಇವು ಒಳಗೊಂಡಿಲ್ಲ' ಎಂಬ ಪಟ್ಟಿಯನ್ನು ಓದು. ಸಾಹಸ ಕ್ರೀಡೆ ಹೆಚ್ಚಾಗಿ ಅಲ್ಲೇ ಕುಳಿತಿರುತ್ತದೆ. ಇಷ್ಟು ಮೀಟರ್‌ಗಿಂತ ಎತ್ತರ ಹತ್ತಿದರೆ ಇಲ್ಲ, ಕುಡಿದಿದ್ದರೆ ಇಲ್ಲ, ಹೆಲ್ಮೆಟ್ ಇಲ್ಲದಿದ್ದರೆ ಇಲ್ಲ. ಬೇಕಾದರೆ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕು, ಅದೂ ಹಾರುವ ಮೊದಲು.

ಪುಟ್ಟಿ: ಸರಿ ಭಾವ, ಈಗಲೇ ತೆಗೆಯುತ್ತೇನೆ.

ಭಾವ: ಇನ್ನು ಭಲೇ ಎಂದವನ ವಿಚಾರ. ಮುಂದಿನ ತಿಂಗಳು ಥಾಯ್ಲೆಂಡಿಗೆ ಹೊರಟಿದ್ದೀಯಲ್ಲ, ಅಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯುತ್ತೀಯಾ?

ತಮ್ಮ: ಎಲ್ಲರೂ ಪಡೆಯುತ್ತಾರೆ, ಭಾವ.

ಭಾವ: ನಿನ್ನ ಲೈಸೆನ್ಸ್ ಕಾರಿಗೆ ಮಾತ್ರ ಇದೆ. ದ್ವಿಚಕ್ರದ ಲೈಸೆನ್ಸ್ ಇಲ್ಲ, ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲ. ಬಿದ್ದರೆ ವಿಮೆಯವರು ಮೊದಲು ಕೇಳುವುದೇ ಅದನ್ನು. ಬಂಜಿಗೆ ಹೋಗುವವರಿಗಿಂತ ಸ್ಕೂಟರಿಗೆ ಹೋಗುವವರ ಮೇಲೆ ನನಗೆ ಹೆಚ್ಚು ಸಿಟ್ಟು.

ನಾನು: ನಿನ್ನ ಪ್ರವಾಸದ ಪಟ್ಟಿ ನೋಡಿದೆ. ಕೊನೆಯ ದಿನ ಬೆಳಿಗ್ಗೆ ಸ್ಕೂಬಾ, ಸಂಜೆ ವಿಮಾನ ಎಂದಿದೆ. ಅದನ್ನು ಬದಲಿಸು.

ತಮ್ಮ: ಏಕೆ? ಹನ್ನೆರಡು ಮೀಟರ್ ಮುಳುಗಿ ಬರುವುದು, ಅಷ್ಟೇ.

ಪುಟ್ಟಿ: ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ನಾವು ಉಸಿರಾಡುವ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಒತ್ತಡ ಇಳಿದು ಒಳಗೇ ಗುಳ್ಳೆಗಳಾಗುತ್ತವೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಸ್ಕೂಬಾವನ್ನು ಮೊದಲ ದಿನಕ್ಕೆ ಹಾಕಿಕೋ.

ದೊಡ್ಡಪ್ಪ: ಇವನೂ ಹೊರಟಿದ್ದಾನೆಯೇ? ನನಗೆ ಯಾರೂ ಹೇಳಲೇ ಇಲ್ಲ.

ಯಾರೂ ಹೇಳಿರಲಿಲ್ಲ. ಏಕೆ ಎಂಬುದನ್ನು ಓದುಗರು ಈಗಾಗಲೇ ಊಹಿಸಿರುತ್ತಾರೆ.

ದೊಡ್ಡಪ್ಪ: ಇರಲಿ. ಪುಟ್ಟಿಯ ಅಪ್ಪ ಎಲ್ಲಿದ್ದಾನೆ? ಬೆಳಿಗ್ಗೆಯಿಂದ ಓದುತ್ತಿದ್ದಾನೆ, ನೀಲಿ ಗುರುತು ಬಂದಿದೆ. ಮಗಳಿಗೆ ಒಂದು ಮಾತು ಹೇಳಬಾರದೇ?

ಚಿಕ್ಕಪ್ಪ: ಅಣ್ಣಾ, ಹಾರುವ ಮೊದಲು ಅವಳು ನನ್ನನ್ನು ಕೇಳಿದಳು. ಹಾರು ಎಂದೆ.

'ದೊಡ್ಡಪ್ಪ ಗುಂಪನ್ನು ತೊರೆದಿದ್ದಾರೆ' ಎಂಬ ಸಾಲು ಬಂತು. ಸ್ವಲ್ಪ ಹೊತ್ತಿಗೆ ಅತ್ತೆ ಅವರನ್ನು ಮತ್ತೆ ಸೇರಿಸಿದರು. ನಮ್ಮ ಗುಂಪಿನಲ್ಲಿ ಇದು ಹೊಸದಲ್ಲ; ಕಳೆದ ಚುನಾವಣೆಯ ಕಾಲದಲ್ಲಿ ಅತ್ತೆಗೆ ಇದೇ ಉದ್ಯೋಗವಾಗಿತ್ತು.

ದೊಡ್ಡಪ್ಪ: ತಂಗಿ ಕರೆದಳೆಂದು ಬಂದಿದ್ದೇನೆ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹೊತ್ತು ತರುವವರು ಯಾರು?

ಪುಟ್ಟಿ: ದೊಡ್ಡಪ್ಪ, ಮುಂದಿನ ಭಾನುವಾರ ಬೆನ್ ಲೊಮಂಡ್ ಎಂಬ ಬೆಟ್ಟಕ್ಕೆ ಹೋಗುತ್ತೇವೆ. ಹಾರುವುದಿಲ್ಲ, ನಡೆದು ಹತ್ತುವುದು.

ಅತ್ತೆ: ಅಬ್ಬ, ನಡೆಯುವುದಾದರೆ ಪರವಾಗಿಲ್ಲ.

ನಾನು: ಅತ್ತೆ! ಪರವಾಗಿಲ್ಲ ಎನ್ನಲಾಗದ್ದು ಅದೇ. 1,748 ಮೀಟರ್. ನಮ್ಮ ನಂದಿಬೆಟ್ಟ 1,478. ಬುಡದ ಕ್ವೀನ್ಸ್‌ಟೌನ್ ಪೇಟೆ ಇರುವುದೇ ಸುಮಾರು 310 ಮೀಟರ್ ಎತ್ತರದಲ್ಲಿ. ಪೇಟೆಯಿಂದಲೇ ನಡೆದರೆ ಉಳಿದದ್ದನ್ನೆಲ್ಲ ಕಾಲಿನಿಂದಲೇ ಏರಬೇಕು. ಹೋಗಿ ಬರಲು ಆರರಿಂದ ಎಂಟು ಗಂಟೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಂಜು, ಬೇಸಿಗೆಯಲ್ಲೂ ಒಮ್ಮೊಮ್ಮೆ ಹಿಮ. 1999ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಹತ್ತಿರ ಕಣಿವೆಯ ತೊರೆಯಲ್ಲಿ ಇಳಿಯುತ್ತಿದ್ದ 21 ಜನ ಸತ್ತರಲ್ಲ, ಅವರನ್ನು ಕೊಂದದ್ದು ಹಗ್ಗವಲ್ಲ. ಮೇಲೆಲ್ಲೋ ಸುರಿದ ಗುಡುಗುಮಳೆಯ ನೀರು ಒಮ್ಮೆಲೇ ಇಳಿದು ಬಂತು. ಅವರ ಜೊತೆ ಮಾರ್ಗದರ್ಶಕರಿದ್ದರು, ಅವರಲ್ಲೂ ಮೂವರು ಹೋದರು. ಪುಟ್ಟಿಯ ಜೊತೆ ಯಾರಿರುತ್ತಾರೆ?

ಪುಟ್ಟಿ: ಇಬ್ಬರು ಗೆಳತಿಯರು. ಬೀಕನ್ ಎಂಬ ಸಾಧನವನ್ನು ಬಾಡಿಗೆಗೆ ಪಡೆಯುತ್ತೇವೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸಂದೇಶ ಹೋಗುತ್ತದೆ. ಹೆಲಿಕಾಪ್ಟರ್ ಬರುತ್ತದೆ. ದೊಡ್ಡಪ್ಪ, ಹೊತ್ತು ತರುವವರು ಅವರೇ. ಆದರೆ ಗುಂಡಿ ಒತ್ತಲೂ ಆಗದಿದ್ದರೆ, ನಾವು ಬಂದಿಲ್ಲ ಎಂದು ಯಾರಾದರೂ ಹೇಳಬೇಕು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಒಬ್ಬರಿಗೆ ಬರೆದುಕೊಟ್ಟು ಹೋಗಿ ಎನ್ನುತ್ತಾರೆ ಇಲ್ಲಿ.

ದೊಡ್ಡಪ್ಪ: ನನಗೆ ಬರೆದುಕೊಡು.

ಪುಟ್ಟಿ: ಇಲ್ಲಿನ ತುರ್ತು ಸಂಖ್ಯೆ 111. ಅದು ಮಧುಗಿರಿಯಿಂದ ಸಿಗುವುದಿಲ್ಲ ದೊಡ್ಡಪ್ಪ. ಇಲ್ಲೇ ಇರುವವರೊಬ್ಬರು ಬೇಕು. ನನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೆ ಹೇಳುತ್ತೇನೆ.

ದೊಡ್ಡಪ್ಪ: ಅವಳಿಗೂ ಹೇಳು, ನನಗೂ ಹೇಳು. ಅವಳು ಮರೆತು ಮಲಗಿದರೆ ಎಬ್ಬಿಸುವುದಕ್ಕೆ ಒಬ್ಬರು ಬೇಡವೇ? ಎಷ್ಟು ಹೊತ್ತಿಗೆ ಇಳಿಯುತ್ತೀರಿ?

ಪುಟ್ಟಿ: ಸಂಜೆ ಐದಕ್ಕೆ. ಏಳಾದರೂ ಸುದ್ದಿ ಇಲ್ಲದಿದ್ದರೆ ಕರೆ ಮಾಡುವುದು.

ದೊಡ್ಡಪ್ಪ: ಏಳು ಎಂದರೆ ನಮ್ಮ ಏಳೋ, ನಿಮ್ಮ ಏಳೋ?

ಭಾವ: ಅವಳ ಏಳು. ಈಗ ಅಲ್ಲಿ ಬೇಸಿಗೆಯ ಗಡಿಯಾರ, ನಮಗಿಂತ ಏಳೂವರೆ ಗಂಟೆ ಮುಂದು. ನಮಗೆ ಬೆಳಿಗ್ಗೆ ಹನ್ನೊಂದೂವರೆ.

ದೊಡ್ಡಪ್ಪ: ಆ ಹುಡುಗಿಯ ನಂಬರ್ ಹಾಕು. ಕನ್ನಡ ಬರುತ್ತದೆಯೇ?

ಪುಟ್ಟಿ: ಫಿಜಿಯವಳು. ಹಿಂದಿ ಬರುತ್ತದೆ, ಇಂಗ್ಲಿಷ್ ಬರುತ್ತದೆ.

ದೊಡ್ಡಪ್ಪ: ನನಗೆ ಎರಡೂ ಸರಾಗವಿಲ್ಲ. ಮೇಡಂ, ಭಾನುವಾರ ನಿನಗೆ ಶಾಲೆ ಇರುವುದಿಲ್ಲವಲ್ಲ, ಹನ್ನೊಂದಕ್ಕೆ ನಮ್ಮ ಮನೆಗೆ ಬಂದು ಕುಳಿತುಕೋ. ಊಟ ಇಲ್ಲೇ.