ಥ್ರಾಟಲ್ ಬಾಡಿಯ ಕೂಲಂಟ್ ಹೋಸ್‌ಗಳನ್ನು ಬೈಪಾಸ್ ಮಾಡಬಹುದೇ? (2004ರ ಸಿಲ್ವರಾಡೊ, 5.3 ಲೀಟರ್ ವಿ8)

ಟೆಕ್ಸಾಸ್_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಹ್ಯೂಸ್ಟನ್‌ನಲ್ಲಿರುವ ನಾನು ಹಳೆಯದೊಂದು ಷೆವರ್ಲೆ ಸಿಲ್ವರಾಡೊ 1500 ಓಡಿಸುತ್ತಿದ್ದೇನೆ. ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಟ್ಟೆಯೊಂದರಿಂದ ನಿಯಂತ್ರಿಸುವ ಭಾಗ) ಸೇರುವ, ಎಂಜಿನ್ ತಂಪಾಗಿಡುವ ದ್ರವ ಹರಿಯುವ ಎರಡು ಸಣ್ಣ ಕೂಲಂಟ್ ಹೋಸ್‌ಗಳ ಪೈಕಿ ಒಂದು ವಯಸ್ಸಾಗಿ ಬಿರುಕುಬಿಟ್ಟಿದ್ದು, ಕ್ಲಾಂಪ್‌ನ ಅಂಚಿನಲ್ಲಿ ಕಿತ್ತಳೆ ಬಣ್ಣದ ಕರೆ ಕಟ್ಟಿದೆ. ಹೇಗೂ ಬಿಚ್ಚಲೇಬೇಕಾಗಿರುವುದರಿಂದ ಎರಡನ್ನೂ ತೆಗೆದು, ತುದಿಗಳಿಗೆ ರಬ್ಬರ್ ಮುಚ್ಚಳ ಹಾಕಿಬಿಟ್ಟರೆ ಎಂಜಿನ್ನಿಗೆ ತಂಪಾದ ಗಾಳಿ ಸಿಕ್ಕಿ ಶಕ್ತಿ ಹೆಚ್ಚುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಎಂಜಿನ್ ಉಸಿರಾಡುವ ದಾರಿಯನ್ನೇ ಬಿಸಿನೀರಿನಿಂದ ಕಾಯಿಸುವುದು ನನಗೂ ವಿಚಿತ್ರವಾಗಿ ಕಾಣುತ್ತದೆ. ಹೀಗೆ ಮಾಡಬಹುದೇ? ಬೇಸಿಗೆಯಲ್ಲಿ ದೋಣಿಯ ಟ್ರೇಲರ್ ಎಳೆಯುವುದುಂಟು.

ಹಳೇಗ್ಯಾರೇಜ್:
ಬೈಪಾಸ್ ಮಾಡಬಹುದು, ಆದರೆ ಮುಚ್ಚಳ ಹಾಕುವ ಆಲೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಹೋಸ್ ಎಲ್ಲಿಂದ ಬರುತ್ತದೆ ಎಂಬುದನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ. ಎಂಜಿನ್ನಿನ ಮೇಲ್ಭಾಗದಲ್ಲಿರುವ ಎರಡೂ ಸಿಲಿಂಡರ್ ಹೆಡ್‌ಗಳ ಮುಂಭಾಗವನ್ನು ಜೋಡಿಸುವ ಒಂದು ತೆಳ್ಳಗಿನ ಲೋಹದ ಕೊಳವೆ ಕಾಣುತ್ತದೆ. ಅದನ್ನು ಇಲ್ಲಿನ ಮೆಕ್ಯಾನಿಕ್‌ಗಳು ಸ್ಟೀಮ್ ಪೈಪ್ ಎನ್ನುತ್ತಾರೆ. ಹೆಡ್‌ಗಳ ಎತ್ತರದ ಜಾಗದಲ್ಲಿ ಸೇರಿಕೊಳ್ಳುವ ಗಾಳಿ ಮತ್ತು ಹಬೆ ಅದರ ಮೂಲಕವೇ ಹೊರಬಿದ್ದು, ಥ್ರಾಟಲ್ ಬಾಡಿಯ ಕೆಳಭಾಗವನ್ನು ಹಾದು, ಎರಡನೆಯ ಹೋಸ್‌ನಿಂದ ರೇಡಿಯೇಟರ್ ಕಡೆಗೆ ಹೋಗುತ್ತದೆ. ಅಂದರೆ ಥ್ರಾಟಲ್ ಬಾಡಿ ಆ ದಾರಿಯಲ್ಲಿರುವ ಒಂದು ನಿಲ್ದಾಣವಷ್ಟೇ. ನಿಲ್ದಾಣವನ್ನು ಬಿಟ್ಟು ಹೋಗಬಹುದು, ದಾರಿಯನ್ನೇ ಮುಚ್ಚುವಂತಿಲ್ಲ. ಮುಚ್ಚಿದರೆ ಹಬೆ ಹೆಡ್‌ನೊಳಗೇ ಸಿಕ್ಕಿಕೊಂಡು, ಕೂಲಂಟ್ ತಾಗದ ಜಾಗದಲ್ಲಿ ಲೋಹ ಅತಿಯಾಗಿ ಕಾಯುತ್ತದೆ, ಮತ್ತು ಮೀಟರಿನ ಮುಳ್ಳು ಅದನ್ನು ಬೇಗನೆ ತೋರಿಸುವುದೂ ಇಲ್ಲ. ಟ್ರೇಲರ್ ಎಳೆಯುವ ಗಾಡಿಗೆ ಇದು ದುಬಾರಿಯ ತಪ್ಪು.

ಸರಿಯಾದ ಕ್ರಮವೆಂದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡೂ ಹೋಸ್‌ಗಳನ್ನು ತೆಗೆದು, ಸ್ಟೀಮ್ ಪೈಪಿನ ಬಾಯಿಯಿಂದ ರೇಡಿಯೇಟರ್ ಕಡೆಯ ಬಾಯಿಗೆ ಒಂದೇ ಹೊಸ ಹೋಸ್ ಹಾಕುವುದು. ಅಳತೆಯನ್ನು ಹಳೆಯ ಹೋಸ್ ನೋಡಿಯೇ ಕೊಳ್ಳಿ. ಕೂಲಂಟ್‌ಗೆಂದೇ ಮಾಡಿದ ಹೀಟರ್ ಹೋಸ್ ಇರಲಿ, ಪೆಟ್ರೋಲಿನ ಹೋಸ್ ಬೇಡ. ತಿರುವಿನಲ್ಲಿ ಹೋಸ್ ಮಡಚಿಕೊಂಡರೆ ಮುಚ್ಚಳ ಹಾಕಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಥ್ರಾಟಲ್ ಬಾಡಿಯಲ್ಲಿ ಖಾಲಿ ಉಳಿಯುವ ಎರಡು ಬಾಯಿಗಳನ್ನು ಹಾಗೇ ಬಿಟ್ಟರೂ ತೊಂದರೆಯಿಲ್ಲ, ಏಕೆಂದರೆ ಕೂಲಂಟ್ ಹರಿಯುವ ಆ ಮಾರ್ಗಕ್ಕೂ ಒಳಹೋಗುವ ಗಾಳಿಗೂ ಸಂಪರ್ಕವಿಲ್ಲ.

ಥರ್ಮೋಮೇಷ್ಟ್ರು:
ಶಕ್ತಿ ಹೆಚ್ಚುವ ಮಾತಿಗೆ ಒಂದು ಸಣ್ಣ ಲೆಕ್ಕ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ 5.3 ಲೀಟರನ್ನು ತುಂಬಿಕೊಳ್ಳುವುದರಿಂದ, ನಿಮಿಷಕ್ಕೆ 5000 ಸುತ್ತಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಹತ್ತಿರ ಹತ್ತಿರ 220 ಲೀಟರ್ ಗಾಳಿ ಒಳನುಗ್ಗುತ್ತದೆ. ಥ್ರಾಟಲ್ ಬಾಡಿಯ ಬಾಯಿ ಸುಮಾರು 75 ಮಿ.ಮೀ. ಎಂದಿಟ್ಟುಕೊಂಡರೆ ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್. ಎಂಟು ಸೆಂಟಿಮೀಟರ್ ಉದ್ದದ ಬಿಸಿ ಲೋಹವನ್ನು ಅದು ದಾಟಲು ಎರಡು ಮಿಲಿಸೆಕೆಂಡ್ ಕೂಡ ಬೇಕಿಲ್ಲ. ಅಷ್ಟರಲ್ಲಿ ಗಾಳಿ ಬಿಸಿಯಾಗುವುದು ನನ್ನ ಅಂದಾಜಿನಲ್ಲಿ ಒಂದು ಡಿಗ್ರಿಯ ಆಸುಪಾಸು, ಸಾಂದ್ರತೆ ಇಳಿಯುವುದು ಶೇ. 0.3ರಷ್ಟು. ಮುನ್ನೂರರ ಹತ್ತಿರದ ಅಶ್ವಶಕ್ತಿಯಲ್ಲಿ ಒಂದು ಕುದುರೆ! ನಿಧಾನವಾಗಿ ಓಡಿಸುವಾಗ ಗಾಳಿ ಹೆಚ್ಚು ಕಾಯುವುದು ನಿಜ, ಆದರೆ ಆಗ ಶಕ್ತಿಯ ಕೊರತೆ ಯಾರಿಗೂ ಇರುವುದಿಲ್ಲ, ಪೆಡಲನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಮುಗಿಯಿತು.

ಇನ್ನೊಂದು ಮಾತು. ಬೈಪಾಸ್ ಮಾಡಿದ ಮೇಲೆ ಸ್ಕ್ಯಾನರ್‌ನಲ್ಲಿ ಒಳಹೋಗುವ ಗಾಳಿಯ ಉಷ್ಣತೆ ಇಳಿಯಿತೆಂದು ಹೇಳುವವರಿದ್ದಾರೆ. ಈ ಗಾಡಿಯಲ್ಲಿ ಆ ಸೆನ್ಸರ್ ಇರುವುದು ಏರ್ ಫಿಲ್ಟರ್ ಬಳಿಯ ಗಾಳಿ ಅಳೆಯುವ ಸೆನ್ಸರಿನೊಳಗೆ, ಅಂದರೆ ಥ್ರಾಟಲ್ ಬಾಡಿಗಿಂತ ಮುಂಚೆ. ಮುಂದೆ ನಡೆಯುವುದು ಅದಕ್ಕೆ ತಿಳಿಯುವುದಿಲ್ಲ. ಅವರು ಕಂಡದ್ದು ಆ ದಿನದ ಹವೆಯನ್ನು.

ಮಿನೆಸೋಟ_ಮಲೆನಾಡು:
ಈ ಬಿಸಿ ಏಕೆ ಕೊಟ್ಟಿದ್ದಾರೆಂಬುದನ್ನು ಯಾರೂ ಹೇಳಲಿಲ್ಲ. ಅರ್ಧ ತೆರೆದ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಗಾಳಿ ಕಿರಿದಾದ ಸಂದಿಯಲ್ಲಿ ನುಗ್ಗುವಾಗ ಒತ್ತಡದೊಂದಿಗೆ ಉಷ್ಣತೆಯೂ ಕುಸಿಯುತ್ತದೆ, ಹಾಗಾಗಿ ಗಾಳಿಯಲ್ಲಿರುವ ತೇವ ಮತ್ತು ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಬರುವ ಆವಿ ಅಲ್ಲಿ ಮಂಜುಗಟ್ಟಬಹುದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ನಮ್ಮ ಒಣ ಚಳಿಗಿಂತ, ಸೊನ್ನೆಯ ಆಸುಪಾಸಿನ ಒದ್ದೆ ಹವೆಯಲ್ಲಿ ಈ ಭಯ ಹೆಚ್ಚು, ಏಕೆಂದರೆ ಕೊರೆಯುವ ಚಳಿಯ ಗಾಳಿಯಲ್ಲಿ ತೇವವೇ ಇರುವುದಿಲ್ಲ. ನಿಮ್ಮ ಗಾಡಿಯಲ್ಲಿ ಥ್ರಾಟಲನ್ನು ಮೋಟಾರ್ ತಿರುಗಿಸುತ್ತದೆ. ತಟ್ಟೆ ಅಂಟಿಕೊಂಡರೆ ಕಂಪ್ಯೂಟರ್ ಶಕ್ತಿಯನ್ನು ತಗ್ಗಿಸಿ ಎಚ್ಚರಿಕೆ ತೋರಿಸುತ್ತದೆ. ಕೇಬಲ್ ಇರುವ ಹಳೆಯ ಮಾದರಿಗಳಲ್ಲಿ ತಟ್ಟೆ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡರೆ ಅದು ಇನ್ನೂ ಅಪಾಯ. ಹ್ಯೂಸ್ಟನ್‌ನಲ್ಲಿ ಬಹುಶಃ ಚಿಂತೆಯಿಲ್ಲ. ನಾನಂತೂ ನನ್ನ ಗಾಡಿಯಲ್ಲಿ ಮುಟ್ಟುವುದಿಲ್ಲ.

ಟೆಕ್ಸಾಸ್_ಮಂಡ್ಯ:
ಮೂವರಿಗೂ ಧನ್ಯವಾದಗಳು. ಒಂದು ಕುದುರೆಗಾಗಿ ಮೂಲ ವಿನ್ಯಾಸವನ್ನು ಕೆಡಿಸುವುದಿಲ್ಲ, ಎರಡೂ ಹೋಸ್‌ಗಳನ್ನು ಹೊಸದಾಗಿ ಹಾಕುತ್ತೇನೆ. ಆದರೆ ಥ್ರಾಟಲ್ ಬಾಡಿಯ ಬಾಯಿಗೆ ಹಳೆಯ ರಬ್ಬರ್ ಕಚ್ಚಿಕೊಂಡು ಅಲುಗಾಡುತ್ತಿಲ್ಲ. ಇಕ್ಕಳದಿಂದ ತಿರುಚಿ ಎಳೆಯಬಹುದೇ?

ಹಳೇಗ್ಯಾರೇಜ್:
ತಿರುಚಬೇಡಿ, ಬಾಯಿಯ ಕೊಳವೆಯೇ ಸಡಿಲವಾದೀತು. ಹೇಗೂ ಎಸೆಯುವ ಹೋಸ್ ತಾನೇ, ಉದ್ದಕ್ಕೆ ಬ್ಲೇಡಿನಿಂದ ಹಗುರವಾಗಿ ಸೀಳಿ ಸಿಪ್ಪೆಯಂತೆ ಬಿಡಿಸಿ. ಲೋಹಕ್ಕೆ ಗೀರು ಬೀಳಬಾರದು. ಕೊಳವೆ ತುಕ್ಕು ಹಿಡಿದು ಸವೆದಿರುವುದು ಕಂಡರೆ ಮಾತ್ರ ಬೈಪಾಸ್ ಮಾಡಿ, ಆಗ ಅದಕ್ಕೊಂದು ಕಾರಣವಿರುತ್ತದೆ. ಕೆಳಗೆ ಸುರಿದ ಕೂಲಂಟನ್ನು ಕೂಡಲೇ ಒರೆಸಿ, ಅದರ ಸಿಹಿಗೆ ನಾಯಿಗಳು ನೆಕ್ಕುತ್ತವೆ, ಅದು ವಿಷ. ಮೊದಲ ಮೂರು ನಾಲ್ಕು ದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟ ನೋಡುತ್ತಿರಿ. ಸಿಕ್ಕಿಕೊಂಡ ಗಾಳಿ ಹೊರಬಿದ್ದಂತೆ ಅದು ಸ್ವಲ್ಪ ಇಳಿಯುತ್ತದೆ.